ಹಿತ್ತಲಲ್ಲಿ ತುಡುವೆ ಜೇನು: ಪೆಟ್ಟಿಗೆ ಇಡುವುದರಿಂದ ಮಳೆಗಾಲ ದಾಟಿಸುವವರೆಗೆ

ಜೇನು ಸಾಕುತ್ತೇನೆ ಅಂದ ಕೂಡಲೇ ಎದುರಿನವರು ಕೇಳುವುದು ಪೆಟ್ಟಿಗೆಗೆ ಎಷ್ಟು ಕೆಜಿ ತುಪ್ಪ ಬರುತ್ತದೆ ಅಂತ. ಕೇಳಬೇಕಾದ್ದು ಅದಲ್ಲ. ಕಳೆದ ಮಳೆಗಾಲಕ್ಕೆ ಎಷ್ಟು ಪೆಟ್ಟಿಗೆ ಇದ್ದವು, ದಸರೆ ಹೊತ್ತಿಗೆ ಅದರಲ್ಲಿ ಎಷ್ಟು ಉಳಿದವು ಅಂತ ಕೇಳಬೇಕು. ಮಲೆನಾಡು, ಕರಾವಳಿಯ ಮಟ್ಟಿಗೆ ಫೆಬ್ರವರಿಯಿಂದ ಮೇ ತನಕ ಜೇನು ತನ್ನ ಪಾಡಿಗೆ ತಾನು ಬದುಕುತ್ತದೆ, ಸಾಕುವವನು ಮಾಡುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ ತನಕ ಅದನ್ನು ಉಳಿಸಿಕೊಳ್ಳುವುದೇ ಸಾಕಣೆ. ಇದನ್ನು ಮೊದಲೇ ಅರಿತುಕೊಂಡರೆ ಮೊದಲ ಪೆಟ್ಟಿಗೆ ಖಾಲಿಯಾದಾಗ ಎದೆ ಒಡೆದುಕೊಳ್ಳಬೇಕಿಲ್ಲ.

ಇಲ್ಲಿ ಬರೆಯುತ್ತಿರುವುದು ಮನೆ ಹಿತ್ತಲಲ್ಲಿ ಎರಡು ಮೂರು ಪೆಟ್ಟಿಗೆ ಇಟ್ಟುಕೊಳ್ಳುವ ಹವ್ಯಾಸಿಗಳಿಗೆ. ನೂರು ಪೆಟ್ಟಿಗೆ ಲಾರಿಗೆ ಹೇರಿಕೊಂಡು ಊರೂರು ತಿರುಗುವವರ ಲೆಕ್ಕಾಚಾರ ಬೇರೆಯೇ.

ಯಾವ ಜೇನು

ನಮ್ಮಲ್ಲಿ ಕಣ್ಣಿಗೆ ಬೀಳುವ ಜೇನು ನಾಲ್ಕು ಥರದವು. ಎತ್ತರದ ಮರಕ್ಕೋ ನೀರಿನ ಟ್ಯಾಂಕಿಗೋ ಒಂದೇ ದೊಡ್ಡ ಎರಿ (ಮೇಣದ ಕಣಗಳ ಹಲ್ಲೆ) ಕಟ್ಟುವ ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈ ಅಗಲದ ಎರಿ ಕಟ್ಟುವ ಕೋಲುಜೇನು. ಹುತ್ತ, ಮರದ ಪೊಟರೆ, ಕಲ್ಲುಗೋಡೆಯ ಸಂದಿಯಲ್ಲಿ ಸಾಲಾಗಿ ಹಲವು ಎರಿ ಕಟ್ಟುವ ತುಡುವೆ. ಕುಟುಕಲು ಬಾರದ, ಗೋಡೆ ಬಿರುಕಲ್ಲಿ ಅಂಟಿನ ಕೊಳವೆಯ ಬಾಗಿಲು ಮಾಡಿಕೊಳ್ಳುವ ಮುಜಂಟಿ. ಮುಜಂಟಿಗೆ ಉತ್ತರ ಕನ್ನಡದಲ್ಲಿ ಮಿಸರಿ ಅನ್ನುತ್ತಾರೆ. ಹೆಜ್ಜೇನು, ಕೋಲುಜೇನು ಎರಡೂ ಬಯಲಲ್ಲಿ ಒಂದೇ ಎರಿ ಕಟ್ಟುವವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಹೆಜ್ಜೇನಿನ ತಂಟೆಗಂತೂ ಹೋಗಲೇಬೇಡಿ.

ಇವಲ್ಲದೆ ಹೊರಗಿನಿಂದ ತಂದ ಇಟಾಲಿಯನ್ ಜೇನು ಇದೆ. ತುಪ್ಪ ಜಾಸ್ತಿ ಕೊಡುತ್ತದೆ ಅನ್ನುವುದು ಸತ್ಯ. ಆದರೆ ಅದಕ್ಕೆ ಸೂರ್ಯಕಾಂತಿ, ಸಾಸಿವೆ ಥರ ಎಕರೆಗಟ್ಟಲೆ ಹೂವು ಬೇಕು, ಹೂವು ಮುಗಿದಲ್ಲಿಂದ ಪೆಟ್ಟಿಗೆ ಹೊತ್ತು ಸಾಗಬೇಕು. ವರೋವಾ ಎಂಬ ಉಣ್ಣೆಗೆ ಸುಲಭವಾಗಿ ತುತ್ತಾಗುತ್ತದೆ. ತುಡುವೆಗೂ ಆ ಉಣ್ಣೆ ಹತ್ತುತ್ತದೆ, ಆದರೆ ಅದು ತಾನೇ ಕಚ್ಚಿ ಕಿತ್ತು ಹಾಕಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಪೆಟ್ಟಿಗೆ ಇಟ್ಟು ಕೂರುವ ನಮ್ಮಂಥವರಿಗೆ ತುಡುವೆಯೇ ಸರಿ. ಬೆಂಗಳೂರು, ಮೈಸೂರಿನ ಬಾಲ್ಕನಿಯವರು, ಕುಟುಕಿನ ಅಲರ್ಜಿ ಇರುವವರು ಮುಜಂಟಿಯಿಂದ ಶುರು ಮಾಡಬಹುದು. ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ ಹುಳಿಮಿಶ್ರಿತ ತುಪ್ಪ ಅಷ್ಟೇ. ಪಕ್ಕದ ಮನೆಯವರ ಜಗಳ ಮಾತ್ರ ಇರುವುದಿಲ್ಲ.

ಜಾಗ ಮತ್ತು ಹೂವು

ತುಡುವೆ ಮೇವಿಗೆ ಹೋಗುವುದು ಹೆಚ್ಚೆಂದರೆ ಒಂದು, ಒಂದೂವರೆ ಕಿಲೋಮೀಟರ್. ಪೆಟ್ಟಿಗೆಗೆ ದುಡ್ಡು ಹಾಕುವ ಮೊದಲು ಅಷ್ಟು ಫಾಸಲೆಯಲ್ಲಿ ಏನೇನು ಹೂ ಬಿಡುತ್ತದೆ ಅಂತ ಒಂದು ವರ್ಷ ಗಮನಿಸುವುದು ಒಳ್ಳೆಯದು. ಅಡಿಕೆ, ತೆಂಗು, ನಾಚಿಕೆಮುಳ್ಳು ಇವು ಮರಿ ಬೆಳೆಸಲು ಬೇಕಾದ ಪರಾಗ ಕೊಡುತ್ತವೆ. ತುಪ್ಪಕ್ಕೆ ಬೇಕಾದ ಮಕರಂದ ಸಿಗುವುದು ಹೆಚ್ಚಾಗಿ ಕಾಡುಮರಗಳಿಂದ: ನೇರಳೆ, ಮತ್ತಿ, ಹೊನ್ನೆ, ಅಂಟುವಾಳ, ಸೀಗೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ರಬ್ಬರ್ ತೋಟ ಇದ್ದರೆ ಇನ್ನೊಂದು ಥರ. ರಬ್ಬರ್ ಮರ ಎಲೆ ಉದುರಿಸಿ ಚಿಗುರುವಾಗ ಎಲೆತೊಟ್ಟಿನ ತುದಿಯಲ್ಲೇ, ಮೂರು ಎಲೆ ಕೂಡುವಲ್ಲಿ, ಸಿಹಿ ಒಸರುತ್ತದೆ. ಹೂವಿನ ಹಂಗಿಲ್ಲದೆ ಪೆಟ್ಟಿಗೆ ತುಂಬುತ್ತದೆ. ಕೊಡಗಿನಲ್ಲಿ ಕಾಫಿ ಹೂವು ಮಳೆ ಬಿದ್ದ ಒಂದು ವಾರಕ್ಕೆ ಒಮ್ಮೆಲೇ ಅರಳಿ ಎರಡು ಮೂರು ದಿನದಲ್ಲಿ ಮುಗಿದುಹೋಗುತ್ತದೆ. ಆ ಹೊತ್ತಿಗೆ ಪೆಟ್ಟಿಗೆ ತುಂಬ ಹುಳ ಇದ್ದವರಿಗೆ ಮಾತ್ರ ಅದರ ಲಾಭ. ಬರೀ ಅಡಿಕೆ ತೋಟ, ಸುತ್ತ ಗದ್ದೆ, ಬೆಟ್ಟ ದೂರ ಅಂತಾದರೆ ಜೇನು ಬದುಕೀತು, ಆದರೆ ತುಪ್ಪಕ್ಕೆ ಆಸೆಪಡಬೇಡಿ.

ಪೆಟ್ಟಿಗೆ ಇಡುವ ಜಾಗಕ್ಕೆ ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನ ನೆರಳಿರಬೇಕು. ಬಾಗಿಲು ಪೂರ್ವಕ್ಕಿದ್ದರೆ ಹುಳ ಬೇಗ ಕೆಲಸಕ್ಕೆ ಹೊರಡುತ್ತವೆ. ನಮ್ಮ ಮಳೆ ಪಶ್ಚಿಮದಿಂದ ಬೀಸುವುದರಿಂದ ಬಾಗಿಲಿಗೆ ಎರಚಲು ಬೀಳದಿರುವುದು ಇನ್ನೊಂದು ಅನುಕೂಲ. ಬಾಗಿಲ ಎದುರು ಹತ್ತು ಹದಿನೈದು ಅಡಿ ಯಾರೂ ಓಡಾಡದ ಜಾಗ ಬಿಡಿ. ಕೊಟ್ಟಿಗೆಯ ಪಕ್ಕ, ದನ ಕಟ್ಟುವ ಗೂಟದ ಹತ್ತಿರ ಬೇಡವೇ ಬೇಡ. ಹುಳ ರೊಚ್ಚಿಗೆದ್ದರೆ ಕಟ್ಟಿದ ದನ ಓಡಲಾರದು. ರಾತ್ರಿ ಉರಿಯುವ ಬಲ್ಬಿನ ಎದುರೂ ಇಡಬೇಡಿ. ದೀಪಕ್ಕೆ ಬಂದ ಹುಳ ಬೆಳಗ್ಗೆ ಜಗಲಿಯಲ್ಲಿ ಸತ್ತು ಬಿದ್ದಿರುತ್ತವೆ, ಮನೆಯವರ ಕಾಲಿಗೂ ಸಿಗುತ್ತವೆ. ಹತ್ತಿರದಲ್ಲಿ ಕಲ್ಲು, ತೆಂಗಿನ ಚಿಪ್ಪಿನ ಚೂರು ಹಾಕಿದ ಅಗಲ ತಟ್ಟೆಯಲ್ಲಿ ನೀರಿಡಿ. ಬೇಸಿಗೆಯಲ್ಲಿ ಅದಿಲ್ಲದಿದ್ದರೆ ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ಕೂರುತ್ತವೆ.

ಪೆಟ್ಟಿಗೆ

ಹುಳ ಎರಿ ಕಟ್ಟುವ ಚೌಕಟ್ಟನ್ನು ಎತ್ತಿ ನೋಡಬಹುದಾದ ಪೆಟ್ಟಿಗೆ 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಕಂಡುಕೊಂಡ ಒಂದು ಅಂತರದ ಮೇಲೆ ನಿಂತಿದೆ. ಎರಡು ಮೇಲ್ಮೈಗಳ ನಡುವೆ ಹುಳ ಓಡಾಡುವಷ್ಟೇ ಜಾಗ ಬಿಟ್ಟರೆ ಅವು ಅದನ್ನು ಎರಿಯಿಂದ ತುಂಬುವುದಿಲ್ಲ. ಅಂತರ ಹೆಚ್ಚಾದರೆ ಅಡ್ಡ ಎರಿ ಕಟ್ಟುತ್ತವೆ, ಕಡಿಮೆಯಾದರೆ ಅಂಟಿಸಿಬಿಡುತ್ತವೆ. ತುಡುವೆ ಇಟಾಲಿಯನ್‌ಗಿಂತ ಸಣ್ಣ ಹುಳ, ಅದರ ಅಳತೆಯೂ ಸಣ್ಣದು. ಒಂದು ಎರಿಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಸುಮಾರು 30 ಮಿ.ಮೀ. ಸಾಕು, ಇಟಾಲಿಯನ್‌ಗೆ ಸುಮಾರು 35 ಬೇಕು. 1910ರ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿದ್ದ ನ್ಯೂಟನ್ ಎಂಬ ಪಾದ್ರಿ ದಕ್ಷಿಣ ಭಾರತದ ತುಡುವೆಗೆ ಅಂತಲೇ ಸಣ್ಣ ಪೆಟ್ಟಿಗೆ ಮಾಡಿದರು. ನ್ಯೂಟನ್ ಪೆಟ್ಟಿಗೆ ಅನ್ನುವುದು ಅದನ್ನೇ. ಐಎಸ್‌ಐ ಅಳತೆಯ ಎಂಟು ಚೌಕಟ್ಟಿನದೂ ಚಾಲ್ತಿಯಲ್ಲಿದೆ. ಯಾವುದಾದರೂ ಆದೀತು, ಆದರೆ ನಿಮ್ಮ ಊರಿನವರು ಬಳಸುವುದನ್ನೇ ತಗೊಳ್ಳಿ. ನಾಳೆ ಒಂದು ಚೌಕಟ್ಟು ಕಡ ತರಬೇಕಾದಾಗ ಅಳತೆ ಹೊಂದಬೇಕಲ್ಲ.

ಪೆಟ್ಟಿಗೆಯ ಭಾಗಗಳು ಕೆಳಗಿನಿಂದ ಮೇಲಕ್ಕೆ: ಅಡಿಹಲಗೆ, ಮರಿ ಬೆಳೆಯುವ ಸಂಸಾರ ಕೋಣೆ, ಅದರ ಮೇಲೆ ಅರ್ಧ ಎತ್ತರದ ಜೇನು ಕೋಣೆ, ಒಳಮುಚ್ಚಳ, ಮಳೆನೀರು ಜಾರಿಹೋಗುವ ಮೇಲ್ಮುಚ್ಚಳ. ಹಲಸು, ಸಾಗವಾನಿ ಹಲಗೆಯದು ಬಾಳಿಕೆ ಬರುತ್ತದೆ. ಹೊರಗೆ ಬಣ್ಣ ಹೊಡೆಯಬಹುದು, ಒಳಗೆ ಖಂಡಿತ ಬೇಡ. ಹಸಿ ಹಲಗೆಯಲ್ಲಿ ಮಾಡಿದ ಅಗ್ಗದ ಪೆಟ್ಟಿಗೆ ಮೊದಲ ಬೇಸಿಗೆಗೇ ಬಾಯಿ ಬಿಡುತ್ತದೆ, ಆ ಸಂದಿಯಲ್ಲೇ ಮೇಣದ ಪತಂಗ ಮೊಟ್ಟೆ ಇಡುವುದು. ಕೊಳ್ಳುವಾಗ ಒಂದು ಚೌಕಟ್ಟು ಇಳಿಬಿಟ್ಟು ನೋಡಿ. ಬದಿಗೂ ಗೋಡೆಗೂ ನಡುವೆ ಕಿರುಬೆರಳು ಸಲೀಸಾಗಿ ಹೋದರೆ ಆ ಪೆಟ್ಟಿಗೆ ಬೇಡ.

ಪೆಟ್ಟಿಗೆ ನಿಲ್ಲಿಸುವ ಕಾಲು ಕಬ್ಬಿಣದ್ದಾಗಲಿ ಸಿಮೆಂಟಿನ ಕಂಬವಾಗಲಿ, ನಡುವೆ ನೀರೋ ಹಳೆ ಎಣ್ಣೆಯೋ ನಿಲ್ಲುವ ಬಟ್ಟಲು ಇರಲೇಬೇಕು. ಇರುವೆ ಹತ್ತಿದ ಪೆಟ್ಟಿಗೆ ಒಂದೇ ರಾತ್ರಿಯಲ್ಲಿ ಖಾಲಿ. ಬಟ್ಟಲಿಗೆ ಒಣಎಲೆ ಬಿದ್ದು ಸೇತುವೆ ಆಗದ ಹಾಗೆ ವಾರಕ್ಕೊಮ್ಮೆ ನೋಡಿ. ಇದಲ್ಲದೆ ಬೇಕಾಗುವುದು ಮುಖಪರದೆ, ಹೊಗೆ ತಿದಿ, ಚೂರಿ, ಮೆತ್ತನೆಯ ಬ್ರಷ್, ಒಂದು ರಾಣಿ ಗೇಟು (ಕೆಲಸಗಾರ ಹುಳ ನುಸುಳಿ ರಾಣಿ ನುಸುಳಲಾಗದಷ್ಟು ಕಿರಿದಾದ ಸಂದಿಗಳ ಬಾಗಿಲು). ಕೈಗವಸು ಹಾಕಿಕೊಂಡರೆ ಕೈಬೆರಳಿನ ಸೂಕ್ಷ್ಮ ಹೋಗಿ ಹುಳ ಚಪ್ಪಟೆಯಾಗುತ್ತವೆ, ಆ ವಾಸನೆಗೆ ಉಳಿದವು ಕೆರಳುತ್ತವೆ. ಕಲಿಯುವ ತನಕ ಹಾಕಿಕೊಳ್ಳಿ, ಆಮೇಲೆ ಬಿಡಿ.

ಚೌಕಟ್ಟಿಗೆ ಅಂಟಿಸುವ ಮೇಣದ ಹಾಳೆ ಕೊಳ್ಳುವುದಾದರೆ ತುಡುವೆಗೆ ಅಂತ ಕೇಳಿಯೇ ಕೊಳ್ಳಿ. ಇಟಾಲಿಯನ್ ಹಾಳೆಯ ಕಣ ದೊಡ್ಡದು, ಅದರ ಮೇಲೆ ತುಡುವೆ ಗಂಡುನೊಣ ಬೆಳೆಸಲು ಹೊರಡುತ್ತದೆ. ನಿಜ ಹೇಳಬೇಕೆಂದರೆ ಹಾಳೆಯೇ ಬೇಕಿಲ್ಲ. ಚೌಕಟ್ಟಿನ ಮೇಲ್ಪಟ್ಟಿಯ ಅಡಿಗೆ ಮೇಣ ಕರಗಿಸಿ ಒಂದು ಗೆರೆ ಎಳೆದರೆ ಆ ಗೆರೆ ಹಿಡಿದು ಎರಿ ಇಳಿಸುತ್ತವೆ.

ಹುಳ ತರುವುದು

ಮಳೆ ಹಿಂದಾದ ಮೇಲೆ, ಅಕ್ಟೋಬರ್ ನಂತರ ತನ್ನಿ. ಮೇ ತಿಂಗಳಲ್ಲಿ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಯಾಕೆ ಕೊಡುತ್ತಿದ್ದಾರೆ ಅಂತ ಯೋಚಿಸಿ. ತುಪ್ಪ ತೆಗೆದಾಗಿದೆ, ಮಳೆಗಾಲದ ಕಷ್ಟ ನಿಮಗೆ.

ಸುಲಭದ ದಾರಿ ಸಾಕುವವರ ಹತ್ತಿರ ನಾಲ್ಕೈದು ಎರಿಯ ಕುಟುಂಬ ಕೊಳ್ಳುವುದು. ಕೊಳ್ಳುವ ಮೊದಲು ಚೌಕಟ್ಟು ಎತ್ತಿಸಿ ನೋಡಿ: ಮೊಟ್ಟೆ, ಮರಿಹುಳ, ಮುಚ್ಚಿದ ಕಣ ಮೂರೂ ಇರಬೇಕು, ಮುಚ್ಚಿದ ಕಣಗಳು ಎಡೆಬಿಡದೆ ಒತ್ತಾಗಿರಬೇಕು. ಒಂದಲ್ಲ, ಎರಡು ಕುಟುಂಬ ತಗೊಳ್ಳಿ. ಒಂದರ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆ ಇರುವ ಎರಿ ಕೊಟ್ಟು ಹೊಸ ರಾಣಿ ಮಾಡಿಸಬಹುದು. ಒಂದೇ ಪೆಟ್ಟಿಗೆ ಇದ್ದವನಿಗೆ ಆ ದಾರಿಯಿಲ್ಲ. ತೋಟಗಾರಿಕೆ ಇಲಾಖೆಯಲ್ಲಿ ಪೆಟ್ಟಿಗೆಗೂ ಕುಟುಂಬಕ್ಕೂ ಸಹಾಯಧನದ ಯೋಜನೆ ಇರುತ್ತದೆ, ತಾಲೂಕು ಕಚೇರಿಯಲ್ಲಿ ವಿಚಾರಿಸಿ. ಆದರೆ ಇಲಾಖೆಯ ಪೆಟ್ಟಿಗೆಗೆ ಕಾದು ಹಂಗಾಮು ತಪ್ಪಿಸಿಕೊಳ್ಳಬೇಡಿ.

ಇನ್ನೊಂದು ದಾರಿ ಹುತ್ತ ಅಥವಾ ಪೊಟರೆಯ ಜೇನನ್ನು ಪೆಟ್ಟಿಗೆಗೆ ಕೂರಿಸುವುದು. ಮೊದಲ ಸಲ ಅನುಭವಸ್ಥರನ್ನು ಕರೆದುಕೊಂಡೇ ಹೋಗಿ. ಹೊತ್ತು ಇಳಿಯುವ ಸಮಯ ಆರಿಸಿಕೊಳ್ಳಿ. ಬಾಯಿ ಬಿಡಿಸಿ, ಮೆಲ್ಲಗೆ ಹೊಗೆ ಹಾಕಿ, ಎರಿಗಳನ್ನು ಒಂದೊಂದಾಗಿ ಬುಡದಿಂದ ಕೊಯ್ಯಬೇಕು. ತುಪ್ಪ ತುಂಬಿದ ಮೇಲ್ಭಾಗ ಕತ್ತರಿಸಿ ಪಾತ್ರೆಗೆ ಹಾಕಿ. ಮರಿ ಇರುವ ಭಾಗವನ್ನು ಮಾತ್ರ ಚೌಕಟ್ಟಿಗೆ ತಾಗಿಸಿ ಬಾಳೆನಾರಿನಿಂದ ಕಟ್ಟಿ. ಗೂಡಿನಲ್ಲಿ ಯಾವುದು ಮೇಲಿತ್ತೋ ಚೌಕಟ್ಟಿನಲ್ಲೂ ಅದೇ ಮೇಲಿರಬೇಕು. ಕಣಗಳ ಬಾಯಿ ತುಸು ಮೇಲ್ಮುಖವಾಗಿರುತ್ತದೆ, ತಲೆಕೆಳಗಾದರೆ ಮರಿ ಕೆಡುತ್ತದೆ. ಎರಿಯೆಲ್ಲ ತೆಗೆದ ಮೇಲೆ ಹುಳಗಳು ಒಂದು ಮೂಲೆಯಲ್ಲಿ ಗೊಂಚಲು ಕಟ್ಟುತ್ತವೆ, ರಾಣಿ ಅಲ್ಲೇ ಇರುವುದು. ಕೈಯಿಂದಲೇ ಮೊಗೆಮೊಗೆದು ಪೆಟ್ಟಿಗೆಗೆ ಹಾಕಬೇಕು. ರಾಣಿ ಒಳಗೆ ಬಿದ್ದಳೋ ಇಲ್ಲವೋ ಅಂತ ಹುಡುಕಬೇಕಿಲ್ಲ. ಐದು ನಿಮಿಷದಲ್ಲಿ ಬಾಗಿಲ ಹಲಗೆಯ ಮೇಲೆ ಒಂದಷ್ಟು ಹುಳ ಬಾಲ ಎತ್ತಿ ರೆಕ್ಕೆ ಬೀಸಲು ಶುರು ಮಾಡಿದರೆ, ಹೊರಗೆ ಹಾರುತ್ತಿದ್ದವು ಸಾಲುಗಟ್ಟಿ ಒಳಹೋಗತೊಡಗಿದರೆ, ರಾಣಿ ಒಳಗಿದ್ದಾಳೆ. ಇಲ್ಲವಾದರೆ ಒಳಗಿದ್ದವೂ ಹೊರಬರುತ್ತವೆ.

ಕತ್ತಲಾದ ಮೇಲೆ ಬಾಗಿಲು ಮುಚ್ಚಿ ಮನೆಗೆ ತನ್ನಿ. ಹಳೆ ಗೂಡು ಮನೆಯಿಂದ ಕೂಗಳತೆಯಲ್ಲೇ ಇದ್ದರೆ ಮಾತ್ರ ತೊಂದರೆ: ಮರುದಿನ ಹಾರಿದ ಹುಳ ಹಳೇ ಜಾಗಕ್ಕೇ ವಾಪಸ್ಸು ಹೋಗುತ್ತವೆ. ಆಗ ಪೆಟ್ಟಿಗೆಯನ್ನು ಎರಡು ಮೂರು ಕಿಲೋಮೀಟರ್ ದೂರದ ನೆಂಟರ ಮನೆಯಲ್ಲಿ ಕೆಲ ವಾರ ಇಟ್ಟು ತರಬೇಕು. ಹೊಸ ಕುಟುಂಬ ಬಿಟ್ಟುಹೋಗದಂತೆ ಬಾಗಿಲಿಗೆ ಹಾಕಿದ ರಾಣಿ ಗೇಟನ್ನು ವಾರದೊಳಗೆ ತೆಗೆಯಿರಿ. ಅದರಲ್ಲಿ ನುಸುಳುವಾಗ ಹುಳದ ಕಾಲಿನ ಪರಾಗ ಉದುರುತ್ತದೆ. ಗೂಡಿನಲ್ಲಿರುವುದು ಹೊಸ ರಾಣಿಯಾದರೆ ಗಂಡಿನ ಜೊತೆ ಕೂಡಲು ಹೊರಗೆ ಹೋಗುವುದಕ್ಕೂ ಆಗುವುದಿಲ್ಲ.

ಪೆಟ್ಟಿಗೆ ತೆರೆದು ನೋಡುವುದು

ಹತ್ತು ದಿನಕ್ಕೊಮ್ಮೆ ಸಾಕು. ದಿನಾ ತೆರೆದರೆ ತುಡುವೆ ಜಾಗ ಬಿಟ್ಟು ಹೋಗುತ್ತದೆ, ಹೊಸಬರ ಪೆಟ್ಟಿಗೆ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ. ಬಿಸಿಲಿರುವ ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಪೆಟ್ಟಿಗೆಯ ಹಿಂದೆ ನಿಂತು, ಬಾಗಿಲಿಗೆ ಎರಡು ಸಲ ಹೊಗೆ ಬಿಟ್ಟು, ಒಂದು ನಿಮಿಷ ಕಾದು ಮುಚ್ಚಳ ತೆಗೆಯಿರಿ. ತೆಂಗಿನ ಸಿಪ್ಪೆಯ ಹೊಗೆ ತಣ್ಣಗಿರುತ್ತದೆ. ಮುಚ್ಚಳ ಅಲುಗಿದ ಕೂಡಲೇ ಇಡೀ ಗೂಡು ಒಮ್ಮೆ ಬುಸ್ಸೆನ್ನುತ್ತದೆ, ಹೆದರಬೇಡಿ. ವೈರಿಯನ್ನು ಬೆದರಿಸಲು ತುಡುವೆ ಮಾಡುವ ಸದ್ದು ಅದು.

ಬದಿಯ ಚೌಕಟ್ಟು ಮೊದಲು ತೆಗೆದು ಜಾಗ ಮಾಡಿಕೊಂಡು ಉಳಿದವನ್ನು ಎತ್ತಿ. ಸೂರ್ಯನಿಗೆ ಬೆನ್ನು ಮಾಡಿ ನಿಂತು ಚೌಕಟ್ಟನ್ನು ತುಸು ಓರೆ ಹಿಡಿದರೆ ಕಣದ ತಳದಲ್ಲಿ ಬಿಳಿ ಮೊಟ್ಟೆ ಕಾಣುತ್ತದೆ. ಮೊದಲ ದಿನದ್ದು ನೆಟ್ಟಗೆ ನಿಂತಿರುತ್ತದೆ, ಮೂರನೇ ದಿನಕ್ಕೆ ಮಲಗುತ್ತದೆ. ನೆಟ್ಟಗಿರುವ ಮೊಟ್ಟೆ ಕಂಡಿತೆಂದರೆ ರಾಣಿ ನಿನ್ನೆ ಇಲ್ಲಿದ್ದಳು ಅಂತಾಯಿತು, ಅವಳನ್ನೇ ಹುಡುಕುತ್ತಾ ಕೂರಬೇಕಿಲ್ಲ. ಕೆಲಸಗಾರ ನೊಣ ಮೊಟ್ಟೆಯಿಂದ ಹೊರಬರಲು 18ರಿಂದ 20 ದಿನ, ರಾಣಿಗೆ 15–16, ಗಂಡುನೊಣಕ್ಕೆ 24. ಗಂಡುನೊಣದ ಕಣದ ಮುಚ್ಚಳ ಉಬ್ಬಿರುತ್ತದೆ, ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತಿರುತ್ತದೆ. ಇದನ್ನು ನೋಡಿ ರೋಗ ಬಂತು ಅಂತ ಗಾಬರಿಯಾಗುವವರಿದ್ದಾರೆ. ತುಡುವೆಯಲ್ಲಿ ಅದು ಸಹಜ.

ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ ಅಡ್ಡಾದಿಡ್ಡಿ ಕಂಡರೆ ಮಾತ್ರ ಅಪಾಯ. ರಾಣಿಯಿಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆ ಇಡಲು ಶುರು ಮಾಡಿವೆ, ಅದರಲ್ಲಿ ಹುಟ್ಟುವುದೆಲ್ಲ ಗಂಡು. ಆ ಹಂತಕ್ಕೆ ಹೋದ ಕುಟುಂಬವನ್ನು ರಿಪೇರಿ ಮಾಡುವುದು ಕಷ್ಟ.

ಪಾಲಾಗುವುದು, ಪಾಲು ಮಾಡುವುದು

ಡಿಸೆಂಬರ್, ಜನವರಿ ಹೊತ್ತಿಗೆ ಪರಾಗ ಧಾರಾಳವಾದರೆ ಹುಳ ಹೆಚ್ಚುತ್ತವೆ, ಗಂಡುನೊಣ ಏಳುತ್ತವೆ, ಎರಿಯ ಕೆಳ ಅಂಚಿನಲ್ಲಿ ನೆಲಗಡಲೆ ಕಾಯಿ ತೂಗುಬಿಟ್ಟ ಹಾಗೆ ರಾಣಿಕೋಶಗಳು ಕಾಣುತ್ತವೆ. ಮೊದಲ ಕೋಶ ಮುಚ್ಚಿದ ಸುಮಾರಿಗೆ ಹಳೆ ರಾಣಿ ಅರ್ಧ ಹುಳ ಕಟ್ಟಿಕೊಂಡು ಹೊರಟೇಬಿಡುತ್ತಾಳೆ. ಅವಳು ಹೋಗುವ ಮೊದಲೇ ನೀವು ಪಾಲು ಮಾಡಿದರೆ ಎರಡನೇ ಕುಟುಂಬ ನಿಮ್ಮದು, ಇಲ್ಲವಾದರೆ ಕಾಡಿನದು.

ಮಾಡುವ ಕ್ರಮ ಹೀಗೆ. ಖಾಲಿ ಪೆಟ್ಟಿಗೆಗೆ ಹಳೆ ರಾಣಿ ಇರುವ ಎರಿ, ಮುಚ್ಚಿದ ಮರಿಯ ಒಂದೆರಡು ಎರಿ, ತುಪ್ಪ–ಪರಾಗದ ಒಂದು ಎರಿ ಹುಳಗಳ ಸಮೇತ ವರ್ಗಾಯಿಸಿ. ಆ ಎರಿಗಳಲ್ಲಿ ರಾಣಿಕೋಶ ಇದ್ದರೆ ಕಿತ್ತುಹಾಕಿ. ಅದನ್ನು ಹೊಸ ಜಾಗದಲ್ಲಿಡಿ. ಹಳೆ ಪೆಟ್ಟಿಗೆ ಇದ್ದಲ್ಲೇ ಇರಲಿ, ಅದರಲ್ಲಿ ದಪ್ಪನೆಯ ಒಂದೆರಡು ರಾಣಿಕೋಶ ಮಾತ್ರ ಉಳಿಸಿ. ಎಲ್ಲ ಕೋಶ ಬಿಟ್ಟರೆ ಒಂದೊಂದು ರಾಣಿ ಎದ್ದ ಹಾಗೂ ಒಂದೊಂದು ಹಿಡಿ ಹುಳ ಹೊರಟುಹೋಗಿ ಕೊನೆಗೆ ಮುಷ್ಟಿಯಷ್ಟೂ ಉಳಿಯುವುದಿಲ್ಲ. ಹೊಸ ರಾಣಿ ಎದ್ದು ವಾರದೊಳಗೆ ಗಂಡುನೊಣಗಳ ಜೊತೆ ಕೂಡಲು ಹೊರಗೆ ಹಾರುತ್ತಾಳೆ. ತಂತಿಯ ಮೇಲೆ ಸಾಲಾಗಿ ಕೂತ ಕಳ್ಳಿಪೀರ ಹಕ್ಕಿಗೆ ಆ ದಿನ ಅವಳೂ ಒಂದು ನೊಣವೇ. ಎರಡು ಮೂರು ವಾರಕ್ಕೆ ಮೊಟ್ಟೆ ಕಾಣದಿದ್ದರೆ ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆ ಎರಿ ಕೊಡಿ.

ಎರಡಕ್ಕಿಂತ ಹೆಚ್ಚು ಪಾಲು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಮಳೆಗಾಲ ದಾಟುವುದು ಎರಿ ತುಂಬ ಹುಳ ಇರುವ ಪೆಟ್ಟಿಗೆ.

ತುಪ್ಪ

ಸಂಸಾರ ಕೋಣೆಯ ಎರಿಗಳೆಲ್ಲ ತುಂಬಿ, ಮೇಲಂಚಿನಲ್ಲಿ ಹೊಸ ಬಿಳಿ ಮೇಣ ಕಾಣತೊಡಗಿದಾಗ ಜೇನು ಕೋಣೆ ಏರಿಸಿ. ಬೇಗ ಏರಿಸಿದರೆ ಪತಂಗಕ್ಕೆ ಜಾಗ ಮಾಡಿಕೊಟ್ಟ ಹಾಗೆ. ತುಪ್ಪ ತೆಗೆಯುವುದು ಎರಿಯ ಮುಕ್ಕಾಲು ಭಾಗ ಮುಚ್ಚಿದ ಮೇಲೆಯೇ. ಮುಚ್ಚದ ಕಣದಲ್ಲಿರುವುದು ಇನ್ನೂ ನೀರು ಆರದ ಮಕರಂದ. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಜೇನಿಗೆ ಇಟ್ಟ ತೇವಾಂಶದ ಮಿತಿ 20 ಶೇಕಡಾ. ನಮ್ಮ ಕಡೆಯ ತುಡುವೆ ತುಪ್ಪ, ಅದರಲ್ಲೂ ರಬ್ಬರಿನದು, ಆ ಗೆರೆಯ ಆಚೀಚೆಯೇ ಇರುತ್ತದೆ. ಅವಸರಕ್ಕೆ ತೆಗೆದದ್ದು ಒಂದೆರಡು ತಿಂಗಳಲ್ಲಿ ನೊರೆ ಬಂದು ಬಾಟಲಿಯ ಮುಚ್ಚಳ ಹಾರಿಸುತ್ತದೆ.

ಎರಿ ಹಿಂಡಬೇಡಿ. ಮುಚ್ಚಳದ ಮೇಣ ಚೂರಿಯಿಂದ ಸವರಿ ತೆಗೆದು ತಿರುಗಿಸುವ ಯಂತ್ರಕ್ಕೆ ಹಾಕಿದರೆ ತುಪ್ಪ ಹೊರಬಂದು ಎರಿ ಹಾಗೇ ಉಳಿಯುತ್ತದೆ, ವಾಪಸ್ಸು ಕೊಟ್ಟರೆ ಹುಳಗಳು ಮತ್ತೆ ತುಂಬುತ್ತವೆ. ಯಂತ್ರ ಪ್ರತಿಯೊಬ್ಬರಿಗೂ ಬೇಕಿಲ್ಲ, ಊರಿಗೊಂದು ಇದ್ದರೆ ಸಾಕು. ಸಂಸಾರ ಕೋಣೆಯ ತುಪ್ಪ ಮುಟ್ಟಬೇಡಿ, ಅದು ಅವುಗಳ ಮಳೆಗಾಲದ ಅಕ್ಕಿ. ಒಳ್ಳೆ ಜಾಗ, ಒಳ್ಳೆ ವರ್ಷವಾದರೆ ಪೆಟ್ಟಿಗೆಗೆ ಐದರಿಂದ ಹತ್ತು ಕೆಜಿ ಬಂದೀತು. ಮೊದಲ ವರ್ಷ ಮನೆಮಂದಿ ನೆಕ್ಕುವಷ್ಟು ಬಂದರೂ ಸಾಕು ಅಂದುಕೊಳ್ಳಿ. ಬಣ್ಣ, ರುಚಿ ಮರದ ಮೇಲೆ. ನೇರಳೆಯದು ತುಸು ಕಹಿ, ಅದನ್ನು ತಿಂದು ಕಲಬೆರಕೆ ಅಂದವರನ್ನೂ ಕಂಡಿದ್ದೇನೆ. ಒಲೆ ಮೇಲೆ ಕಾಯಿಸಬೇಡಿ, ಸೋಸಿ ಗಾಜಿನ ಬಾಟಲಿಗೆ ತುಂಬಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ನಮ್ಮಲ್ಲಿದೆ, ಅದು ಬೇಡ. ಬೊಟುಲಿಸಂ ಎಂಬ ಕಾಯಿಲೆ ತರುವ ರೋಗಾಣು ಅದರಲ್ಲಿರಬಹುದು. ಮಾರುವ ಯೋಚನೆ ಇದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ.

ಕುಟುಕು, ನೆರೆಹೊರೆ

ತುಡುವೆ ಸಾಧು ಜೇನು, ಆದರೂ ಕುಟುಕುತ್ತದೆ. ಮುಳ್ಳು ಚರ್ಮದಲ್ಲೇ ಉಳಿದು ಅದರ ಚೀಲ ವಿಷ ಒತ್ತುತ್ತಲೇ ಇರುತ್ತದೆ, ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಆ ಜಾಗದಿಂದ ಹೊರಡುವ ವಾಸನೆ ಉಳಿದವನ್ನು ಕರೆಯುತ್ತದೆ, ಹೊಗೆ ಹಾಕಿ ಮುಚ್ಚಿ. ಊತ, ಉರಿ ಸಾಮಾನ್ಯ. ಮೈಯೆಲ್ಲ ದದ್ದು, ಉಸಿರು ಕಟ್ಟುವುದು, ತಲೆ ಸುತ್ತುವುದು ಸಾಮಾನ್ಯವಲ್ಲ, ಆಗ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಬೇಕು. ಅಲ್ಲಿ ಕೊಡಬೇಕಾದ್ದು ಅಡ್ರಿನಾಲಿನ್ ಚುಚ್ಚುಮದ್ದು. ಮನೆಯಲ್ಲಿ ಯಾರಿಗಾದರೂ ಮೊದಲು ಹೀಗಾಗಿದ್ದರೆ ತುಡುವೆ ಬೇಡ.

ಪಕ್ಕದವರಿಗೆ ಮೊದಲೇ ಹೇಳಿ ಇಡಿ. “ಭಟ್ರೇ, ನಿಮ್ಮ ಹುಳ ನಮ್ಮ ತೋಟದ್ದೇ ಹೂ ಕುಡಿದು ಹೋಗ್ತವೆ, ತುಪ್ಪದಲ್ಲಿ ನಮಗೆ ಪಾಲಿಲ್ವಾ?” ಅಂತ ಕೇಳುವವರಿರುತ್ತಾರೆ. ತಮಾಷೆಗೇ ಕೇಳಿದ್ದಾದರೂ ಒಂದು ಬಾಟಲಿ ಕೊಟ್ಟುಬಿಡಿ. ತರಕಾರಿಗೋ ಗೇರಿಗೋ ಕೀಟನಾಶಕ ಹೊಡೆಯುವ ಹಿಂದಿನ ದಿನ ಒಂದು ಫೋನ್ ಬರುವುದು ಆ ಬಾಟಲಿಯಿಂದಲೇ. ಹೊಡೆಯುವುದನ್ನು ಸಂಜೆಗೆ ಹಾಕಿಕೊಳ್ಳಲು ಕೇಳಿಕೊಳ್ಳಬಹುದು.

ಮಳೆಗಾಲ

ಮೇ ಕೊನೆಗೆ, ಮೊದಲ ಮಳೆಗೆ ಮುಂಚೆ, ಜೇನು ಕೋಣೆ ಇಳಿಸಿ. ಅದರ ಎರಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಸಂಸಾರ ಕೋಣೆಯಲ್ಲಿ ಹುಳಗಳು ಮುಚ್ಚಿ ಕೂರುವಷ್ಟು ಎರಿ ಮಾತ್ರ ಉಳಿಸಿ ಉಳಿದದ್ದನ್ನು ತೆಗೆಯಿರಿ. ಆರು ಎರಿಗೆ ನಾಲ್ಕು ಎರಿಯಷ್ಟೇ ಹುಳ ಇದ್ದರೆ ಕಾವಲಿಲ್ಲದ ಎರಡು ಎರಿ ಪತಂಗದ ಪಾಲು. ಬಾಗಿಲು ಕಿರಿದು ಮಾಡಿ. ಪೆಟ್ಟಿಗೆ ಮುಂದಕ್ಕೆ ತುಸು ವಾಲಿರಲಿ, ನುಗ್ಗಿದ ನೀರು ಹೊರಹೋಗುತ್ತದೆ. ಮೇಲೊಂದು ತಗಡೋ ಅಡಿಕೆ ಹಾಳೆಯ ಮಾಡೋ ಕಟ್ಟಿ.

ಇನ್ನು ಊಟ. ಸಕ್ಕರೆ, ನೀರು ಸಮಸಮ ಕುದಿಸಿ ಆರಿಸಿ, ಕುಟುಂಬಕ್ಕೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯ ಲೆಕ್ಕದಲ್ಲಿ ಕೊಡಿ. ಸಣ್ಣ ಬಟ್ಟಲಿಗೆ ಹಾಕಿ, ಮುಳುಗದಂತೆ ಒಂದೆರಡು ಕಡ್ಡಿ ಬಿಟ್ಟು, ಒಳಮುಚ್ಚಳದ ಕೆಳಗೆ ಇಡಬೇಕು. ಕೊಡುವುದು ಸಂಜೆಯೇ, ಎಲ್ಲ ಪೆಟ್ಟಿಗೆಗೂ ಒಂದೇ ದಿನವೇ, ಹೊರಗೆ ಒಂದು ಹನಿ ಚೆಲ್ಲದಂತೆಯೇ. ಹಗಲು ಕೊಟ್ಟರೆ ಬಲಿಷ್ಠ ಪೆಟ್ಟಿಗೆಯ ಹುಳ ಬಡಪೆಟ್ಟಿಗೆಗೆ ನುಗ್ಗಿ ಲೂಟಿ ಮಾಡುತ್ತವೆ. ಹೊಸ ಹಂಗಾಮಿನಲ್ಲಿ ಜೇನು ಕೋಣೆ ಏರಿಸುವ ಮೊದಲೇ ಸಕ್ಕರೆ ನಿಲ್ಲಿಸಬೇಕು. ಅದು ನಿಮ್ಮ ತುಪ್ಪಕ್ಕೆ ಸೇರಕೂಡದು.

ಮೇಣದ ಪತಂಗದ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ತುಡುವೆ ಹಳೆಯ ಕಪ್ಪು ಎರಿಯನ್ನು ಕಡಿದು ಉದುರಿಸುತ್ತದೆ, ಆ ಪುಡಿ ಅಡಿಹಲಗೆಯಲ್ಲಿ ಬೀಳುತ್ತದೆ. ಬೂದು ಪತಂಗ ರಾತ್ರಿ ಒಳನುಗ್ಗಿ ಆ ಪುಡಿಯಲ್ಲೋ ಸಂದಿಯಲ್ಲೋ ಮೊಟ್ಟೆ ಇಡುತ್ತದೆ. ಅದರ ಹುಳು ಎರಿಯ ನಡುವೆ ಸುರಂಗ ಕೊರೆದುಕೊಂಡು ಹಿಂದೆ ಬಲೆ ನೇಯುತ್ತಾ ಸಾಗುತ್ತದೆ. ನೀವು ಮುಚ್ಚಳ ತೆಗೆದಾಗ ಎರಡು ಎರಿ ಬಲೆಯಿಂದ ಅಂಟಿಕೊಂಡಿದ್ದರೆ, ಮೆಣಸಿನ ಕಾಳಿನ ಪುಡಿಯಂಥ ಕಪ್ಪು ಹಿಕ್ಕೆ ಕಂಡರೆ, ಆ ಎರಿ ಮುಗಿಯಿತು. ತೆಗೆದು ಒಲೆಗೆ ಹಾಕಿ, ಹಿತ್ತಲಲ್ಲಿ ಎಸೆಯಬೇಡಿ. ತಡೆಗೆ ಔಷಧ ಬೇಕಿಲ್ಲ: ವಾರಕ್ಕೊಮ್ಮೆ ಮಳೆ ಹೊಳವಾದ ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಎತ್ತಿ ಅಡಿಹಲಗೆ ಉಜ್ಜಿ ಒರೆಸಿ. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಿದವರ ಪೆಟ್ಟಿಗೆಯೇ ಆಗಸ್ಟ್‌ನಲ್ಲಿ ಹೆಚ್ಚಾಗಿ ಖಾಲಿಯಾಗುವುದು.

ಪರಾರಿಯಾಗುವ ಕುಟುಂಬ ಮುನ್ಸೂಚನೆ ಕೊಡುತ್ತದೆ. ಪರಾಗ ತರುವುದು ನಿಲ್ಲುತ್ತದೆ, ರಾಣಿ ಮೊಟ್ಟೆ ನಿಲ್ಲಿಸುತ್ತಾಳೆ, ಇದ್ದ ಮರಿ ಎದ್ದು ಮುಗಿಯುವ ತನಕ ಕಾಯುತ್ತವೆ, ತುಪ್ಪ ಕುಡಿದು ಖಾಲಿ ಮಾಡುತ್ತವೆ. ಆಗ ಬೇರೆ ಪೆಟ್ಟಿಗೆಯಿಂದ ಮರಿಹುಳ ಇರುವ ಒಂದು ಎರಿ ಕೊಟ್ಟು, ಸಕ್ಕರೆ ಪಾಕ ಹೆಚ್ಚಿಸಿ, ಕೆಲ ದಿನ ರಾಣಿ ಗೇಟು ಹಾಕಿದರೆ ಮನಸ್ಸು ಬದಲಾದೀತು. ಮರಿಯನ್ನು ಬಿಟ್ಟು ಹೋಗಲು ಅವು ಸುಲಭಕ್ಕೆ ಒಪ್ಪುವುದಿಲ್ಲ.

ಮಳೆ ಕಡಿಮೆಯಾಗುತ್ತಿದ್ದಂತೆ ಕಣಜ ಬರುತ್ತದೆ. ಬಾಗಿಲ ಎದುರೇ ಹಾರುತ್ತಾ ನಿಂತು ಒಂದೊಂದೇ ಹುಳ ಹಿಡಿದೊಯ್ಯುತ್ತದೆ. ಒಳಗೆ ನುಗ್ಗಿದ ಕಣಜವನ್ನು ತುಡುವೆಗಳು ಮುತ್ತಿ ಉಂಡೆಯಾಗಿ ಮೈಶಾಖದಿಂದಲೇ ಕೊಲ್ಲುತ್ತವೆ, ಆದರೆ ಹೊರಗೆ ಹೊಂಚುಹಾಕುವ ಕಣಜಕ್ಕೆ ಅವುಗಳ ಹತ್ತಿರ ಹೆಚ್ಚಿನ ಉಪಾಯವಿಲ್ಲ. ಬ್ಯಾಡ್ಮಿಂಟನ್ ಬ್ಯಾಟು ಹಿಡಿದು ನಿಲ್ಲುವುದು ನಿಮ್ಮ ಕೆಲಸ.

ಥಾಯ್ ಸ್ಯಾಕ್‌ಬ್ರೂಡ್

ಹಳೆ ಸಾಕಣೆದಾರರ ಹತ್ತಿರ ಕೂತರೆ 1991–92ರ ಮಾತು ಬಂದೇ ಬರುತ್ತದೆ. ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತಕ್ಕೆ ಕಾಲಿಟ್ಟು ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಒರೆಸಿಹಾಕಿತು. ಭಾಗಮಂಡಲ, ವಿರಾಜಪೇಟೆಯ ಸಹಕಾರ ಸಂಘಗಳ ಮೂಲಕ ದೇಶಕ್ಕೆಲ್ಲ ಹೆಸರಾಗಿದ್ದ ಕೊಡಗಿನ ಜೇನು ಆ ಪೆಟ್ಟಿನಿಂದ ಹಿಂದಿನ ಸ್ಥಿತಿಗೆ ಮರಳಲಿಲ್ಲ. ರೋಗ ಈಗಲೂ ಇದೆ, ಆಗೀಗ ತಲೆ ಎತ್ತುತ್ತದೆ.

ಗುರುತು ಹೀಗೆ: ಮುಚ್ಚಳ ತೂತಾದ ಅಥವಾ ಮುಚ್ಚಿಯೇ ಇಲ್ಲದ ಕಣಗಳಲ್ಲಿ ಮರಿಹುಳ ಉದ್ದಕ್ಕೆ ಸತ್ತು ಬಿದ್ದಿರುತ್ತದೆ, ತಲೆಭಾಗ ಮೇಲಕ್ಕೆ ಬಾಗಿರುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲವೊಂದು ಈಚೆ ಬರುತ್ತದೆ. ಔಷಧ ಇಲ್ಲ, ಇದೆ ಎಂದು ಮಾರುವವರನ್ನು ನಂಬಬೇಡಿ. ವೈರಸ್‌ಗೆ ಆಂಟಿಬಯಾಟಿಕ್ ತಾಗುವುದಿಲ್ಲ, ತುಪ್ಪಕ್ಕೆ ಸೇರುವುದು ಮಾತ್ರ ಖಂಡಿತ. ಮಾಡಬಹುದಾದ್ದು ಇಷ್ಟು: ರೋಗದ ಎರಿ ಸುಡುವುದು, ರಾಣಿಯನ್ನು ಒಂದೆರಡು ವಾರ ಪಂಜರದಲ್ಲಿಟ್ಟು ಮರಿಯೇ ಇಲ್ಲದ ಹಾಗೆ ಮಾಡುವುದು, ಆ ಪೆಟ್ಟಿಗೆಯ ಚೌಕಟ್ಟು ಇನ್ನೊಂದಕ್ಕೆ ಕೊಡದಿರುವುದು, ಕೈ–ಚೂರಿ ತೊಳೆದುಕೊಳ್ಳುವುದು. ರೋಗ ದಾಟಿ ಉಳಿದ ಕುಟುಂಬವನ್ನೇ ಮುಂದಿನ ವರ್ಷ ಪಾಲು ಮಾಡಲು ಆರಿಸಿ.

ಸೆಪ್ಟೆಂಬರ್‌ನಲ್ಲಿ

ಬಿಸಿಲು ನೆಟ್ಟಗಾದ ಮೊದಲ ವಾರ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಿ ನೋಡಿ. ಕಪ್ಪಾದ ಎರಿಗಳನ್ನು ಒಂದೊಂದಾಗಿ ಹೊರತೆಗೆದು ಖಾಲಿ ಚೌಕಟ್ಟು ಕೊಡಿ, ಹೊಸ ಎರಿ ಕಟ್ಟಿಕೊಳ್ಳಲಿ. ಎರಡೆರಡು ಎರಿಗೆ ಇಳಿದ ಎರಡು ಕುಟುಂಬ ಇದ್ದರೆ ಬೇರೆ ಬೇರೆ ಸಾಕುವ ಹಟ ಬೇಡ, ಒಂದು ಮಾಡಿ. ದಿನಕ್ಕೆ ಒಂದೆರಡು ಅಡಿಯಂತೆ ಪೆಟ್ಟಿಗೆಗಳನ್ನು ಹತ್ತಿರ ತನ್ನಿ. ಸೊರಗಿದ ರಾಣಿಯನ್ನು ತೆಗೆದುಬಿಡಿ. ಸಂಜೆ ರಾಣಿ ಇರುವ ಪೆಟ್ಟಿಗೆಯ ಸಂಸಾರ ಕೋಣೆಯ ಮೇಲೆ, ಅಲ್ಲಲ್ಲಿ ಸೂಜಿಯಿಂದ ಚುಚ್ಚಿದ ಒಂದು ಹಾಳೆ ಪತ್ರಿಕೆ ಹಾಸಿ, ಮತ್ತೊಂದರ ಕೋಣೆಯನ್ನು ಅದರ ಮೇಲಿಡಿ. ಕಾಗದ ಕಡಿದು ಮುಗಿಸುವಷ್ಟರಲ್ಲಿ ವಾಸನೆ ಒಂದಾಗಿ ಜಗಳ ಇಲ್ಲದೆ ಸೇರಿಕೊಳ್ಳುತ್ತವೆ. ಮೂರು ನಾಲ್ಕು ದಿನ ಬಿಟ್ಟು ಒಳ್ಳೆಯ ಎರಿಗಳನ್ನೆಲ್ಲ ಕೆಳಗಿನ ಕೋಣೆಗೆ ಇಳಿಸಿ, ಖಾಲಿಯಾದ ಪೆಟ್ಟಿಗೆಯನ್ನು ಬಿಸಿಲಿಗೆ ಒಣಹಾಕಿ, ಸಂದಿಗೆ ಮೇಣ ಮೆತ್ತಿ ಇಡಿ. ಜನವರಿಯಲ್ಲಿ ಪಾಲು ಮಾಡುವಾಗ ಅದು ಬೇಕಾಗುತ್ತದೆ.